ಗೊಂಬೆಯ ಕೆನ್ನೆಗೆ ಮೊದಲು ನೀಲಿ

ಇಂಚರ ತನ್ನ ಗೊಂಬೆಗೆ ಮೊದಲು ನೀಲಿ ಬಣ್ಣವನ್ನೇ ಯಾಕೆ ಬಳಿಯುತ್ತಾಳೆ ಅನ್ನೋದು ಕವನಾಳ ತಲೆಯಿಂದ ಹೋಗಲೇ ಇಲ್ಲ. ದೋಸೆ ಹುಯ್ಯುವಾಗಲೂ ಅದೇ ಯೋಚನೆ, ತಾರಸಿಯಲ್ಲಿ ಬಟ್ಟೆ ಒಣಹಾಕುವಾಗಲೂ ಅದೇ, ಸ್ಕೂಲ್ ವ್ಯಾನಿಗೆ ಕಾಯುತ್ತಾ ಗೇಟಿನ ಹತ್ತಿರ ನಿಂತಾಗಲೂ ಅದೇ.

ಅದು ಮೊಬೈಲಿನ ಮೇಕೋವರ್ ಆಟ. ಶುರುವಿನಲ್ಲಿ ಒಬ್ಬ ಹುಡುಗಿ ಅಳುತ್ತಾ ಬರುತ್ತಾಳೆ. ಕೆದರಿದ ತಲೆ, ಹರಿದ ಫ್ರಾಕು, ಮುಖದ ತುಂಬ ಮೊಡವೆ. ಸ್ಪಂಜಿನಲ್ಲಿ ಉಜ್ಜಿದರೆ ಕೊಳೆ ಹೋಗುತ್ತದೆ. ಆಮೇಲೆ ಕ್ರೀಮು, ತುಟಿಗೆ ಬಣ್ಣ, ಲೆಹೆಂಗಾ, ಜುಮುಕಿ. ಎಲ್ಲ ಮುಗಿದ ಮೇಲೆ ಬಾಗಿಲು ತೆರೆದು ಒಬ್ಬ ಹುಡುಗ ಹೂವು ಹಿಡಿದುಕೊಂಡು ಬರುತ್ತಾನೆ, ಪರದೆಯ ತುಂಬ ಕೆಂಪು ಹಾರ್ಟುಗಳು ಹಾರುತ್ತವೆ. ಅದೇ ಆಟದಲ್ಲಿ ನಮ್ಮದೇ ಗೊಂಬೆಯನ್ನು ಮಾಡಿಕೊಳ್ಳೋದಕ್ಕೂ ಅವಕಾಶ ಇದೆ. ಒಂದನೇ ಕ್ಲಾಸಿನ ಇಂಚರ ಅದಕ್ಕೇ ಕೈ ಹಾಕುತ್ತಿದ್ದಳು. ಚಂದದ ಮುಖವೊಂದನ್ನು ಆರಿಸಿ, ಬಣ್ಣದ ಡಬ್ಬಿ ತೆರೆದು, ಎಡಗಣ್ಣಿನ ಕೆಳಗೆ ನೀಲಿ ಬಳಿಯುತ್ತಿದ್ದಳು. ತುಟಿಯ ತುದಿಗೆ ಒಂದು ಕೆಂಪು ಚುಕ್ಕೆ. ಅದಾದ ಮೇಲೇ ಸ್ಪಂಜು ಹಿಡಿಯುತ್ತಿದ್ದದ್ದು.

"ಯಾಕೆ ಪುಟ್ಟಾ ಅವಳಿಗೆ ನೀಲಿ?"

"ಮೊದಲು ಅದೇ ಅಲ್ವಾಮ್ಮಾ," ಅಂದಿದ್ದಳು ಇಂಚರ, ಕಣ್ಣೆತ್ತದೆ.

ಕವನಾ ಮುಂದಕ್ಕೆ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೇನೋ ಅನ್ನೋ ಭಯ.

ಈ ಆಟದ ಹುಚ್ಚು ಮಗಳಿಗೆ ಬಂದಿದ್ದು ಅಮ್ಮನಿಂದಲೇ. ರಾಜಾಜಿನಗರದಲ್ಲಿ ಹೈಸ್ಕೂಲಿಗೆ ಹೋಗುವಾಗ ಕವನಾ ಟ್ಯೂಷನ್ ತಪ್ಪಿಸಿ ಸೈಬರ್ ಸೆಂಟರಿಗೆ ನುಗ್ಗುತ್ತಿದ್ದಳು. ಮರದ ಗೂಡಿನಂಥ ಕ್ಯಾಬಿನ್ನಿನಲ್ಲಿ ಗೆಳತಿಯ ಜೊತೆ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಕಂಪ್ಯೂಟರಿನ ಗೊಂಬೆಗಳಿಗೆ ಬಟ್ಟೆ ತೊಡಿಸುತ್ತಿದ್ದಳು. ಮನೆಯಲ್ಲಿ ಹಬ್ಬಕ್ಕೆ ಒಂದು ಚೂಡಿದಾರ್, ಅದೂ ಅಪ್ಪ ಆರಿಸಿದ ಬಣ್ಣ. ಇಲ್ಲಿ ಹಾಗಲ್ಲ. ಒತ್ತಿದರೆ ಕೆಂಪು, ಬೇಡವಾದರೆ ಹಸಿರು, ಕೂದಲು ಬೇಕಾದರೆ ಗುಂಗುರು. ಬಿ.ಕಾಂ. ಮುಗಿಸಿ ವಿಜಯನಗರದ ಬಟ್ಟೆ ಅಂಗಡಿಯಲ್ಲಿ ಕೌಂಟರಿಗೆ ನಿಂತಾಗ ಮದುವಣಗಿತ್ತಿಯರು ಇವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಮೈಬಣ್ಣ ನೋಡಿದ ತಕ್ಷಣ "ನಿಮಗೆ ಆನಂದ ನೀಲಿ ಬಣ್ಣ ಚೆನ್ನಾಗಿರುತ್ತೆ, ಮಾವಿನ ಚಿಗುರಿನದು ತಗೋಬೇಡಿ" ಅಂತ ಹೇಳಿಬಿಡುತ್ತಿದ್ದಳು. ಹೇಳಿದ್ದು ಸುಳ್ಳಾಗುತ್ತಿರಲಿಲ್ಲ.

ಸಂಪತ್ ಅವಳನ್ನು ನೋಡಿದ್ದೂ ಆ ಅಂಗಡಿಯಲ್ಲೇ, ಅಕ್ಕನ ಜೊತೆ ಸೀರೆ ತಗೊಳ್ಳಲು ಬಂದಾಗ. ಅನ್ನಪೂರ್ಣೇಶ್ವರಿ ನಗರದಲ್ಲಿ ಸ್ವಂತ ಕಟ್ಟಡ, ಮಾಗಡಿ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಅವನ ಅಪ್ಪ ಮುನಿವೆಂಕಟಪ್ಪ ಒಂದು ಕಾಲಕ್ಕೆ ರಾಗಿ ಬೆಳೆದ ಹೊಲವೇ ಈಗ ಕಟ್ಟಡದ ಸೈಟು. ನೆಲಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದರು, ಒಂದನೇ ಮಹಡಿಯಲ್ಲಿ ಅತ್ತೆ ಮಾವ, ಎರಡನೆಯದರಲ್ಲಿ ಇವರು. ಕವನಾಳ ಅಮ್ಮ ಕುಸುಮಾ ಮೊಮ್ಮಗಳ ತೊಟ್ಟಿಲಿಗೆ ಬಂದಾಗ ಮನೆಯೆಲ್ಲ ಸುತ್ತಿ ನೋಡಿ, "ಬಾತ್ರೂಮೇ ನಮ್ಮ ಹಾಲಿನಷ್ಟಿದೆ ಕಣೇ" ಅಂದಿದ್ದಳು.

ಮೊದಲ ಏಟು ಬಿದ್ದದ್ದು ಕಾರಿನಲ್ಲಿ. ಕೆಂಗೇರಿಯ ಛತ್ರದಲ್ಲಿ ಬೀಗರೂಟ ಮುಗಿಸಿಕೊಂಡು ಮೈಸೂರು ರಸ್ತೆಯಲ್ಲಿ ಬರುತ್ತಿದ್ದರು. ಊಟದ ಸಾಲಿನಲ್ಲಿ ಸಂಪತ್ತನ ಚಿಕ್ಕಪ್ಪನ ಮಗ ಏನೋ ತಮಾಷೆ ಮಾಡಿದ್ದ, ಇವಳು ನಕ್ಕಿದ್ದಳು. ಅಷ್ಟೇ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಸಂಪತ್ ಗೇರಿನ ಮೇಲಿದ್ದ ಕೈಯನ್ನು ಎತ್ತಿ, ಹಿಂಗೈಯಲ್ಲಿ ಅವಳ ಬಾಯಿಗೆ ಹೊಡೆದ. ಹಸಿರು ದೀಪ ಬಂತು, ಕಾರು ಹೊರಟಿತು. ಸ್ವಲ್ಪ ಮುಂದೆ ರಸ್ತೆ ಬದಿಗೆ ನಿಲ್ಲಿಸಿ, "ಎಳನೀರು ಕುಡೀತೀಯಾ?" ಅಂದ. ಗಂಜಿ ಇರೋದೇ ಆರಿಸಿ ಕೆತ್ತಿಸಿಕೊಂಡು ಬಂದ. ಹೊಡೆದವನು ಇವನೇನಾ ಅಂತ ಅವಳಿಗೆ ಅನುಮಾನ ಬರುವಷ್ಟು ಅಕ್ಕರೆ. ಒಡೆದ ತುಟಿಗೆ ಎಳನೀರು ಉರಿಯಿತು.

ಆಮೇಲೆ ಕಾರಣಗಳು ಬೇಕಾಗಲಿಲ್ಲ. ಚಪ್ಪಲಿ, ಬೆಲ್ಟು, ಒಮ್ಮೆ ಅಂಗಡಿಯಿಂದ ತಂದಿದ್ದ ಟೈಲಿನ ತುಂಡು. ಅದರ ಅಂಚಿಗೆ ತಲೆಯ ಚರ್ಮ ಕಿತ್ತು ಬಂದು, ಗಾಯ ಮುಚ್ಚಲು ಬೈತಲೆ ಆ ಕಡೆಯಿಂದ ಈ ಕಡೆಗೆ ಬದಲಾಯಿತು. ಮೇಲೆ ಸದ್ದಾದಾಗಲೆಲ್ಲ ಕೆಳಗಡೆ ಮಾವ ಟಿವಿಯ ವಾಲ್ಯೂಮ್ ಏರಿಸುತ್ತಿದ್ದರು. ವಾರ್ತೆ ಓದುವವಳ ದನಿ ಮೆಟ್ಟಿಲು ಹತ್ತಿ ಬಂದು ಕವನಾಳ ಅಳುವಿನ ಮೇಲೆ ಕೂರುತ್ತಿತ್ತು. ಅತ್ತೆ ಯಶೋದಮ್ಮ ಮಾತ್ರ ಎಲ್ಲ ಮುಗಿದ ಮೇಲೆ ಮೇಲೆ ಬರುತ್ತಿದ್ದಳು.

"ಮುಖ ತೊಳ್ಕೊಂಡು ದೀಪ ಹಚ್ಚಮ್ಮಿ. ಗಂಡಸ್ರ ಕೋಪ ಅದು, ಉಕ್ಕಿದ ಹಾಲಿನಂಗೆ, ಇಳೀತದೆ. ನಿಂಗೆ ಹೋಗ್ಬೇಕು ಅನ್ಸಿದ್ರೆ ಹೋಗು, ಯಾರೂ ಕಟ್ಟಾಕಿಲ್ಲ. ಮಗು ಮಾತ್ರ ನಮ್ದು. ನೆನಪಿಟ್ಕೋ."

ಆ ಕೊನೆಯ ಮಾತೇ ಕವನಾಳನ್ನು ಕಟ್ಟಿಹಾಕಿದ ಹಗ್ಗ. ಇಂಚರಳನ್ನು ಇವರು ಇಟ್ಟುಕೊಂಡುಬಿಟ್ಟರೆ? ಎಷ್ಟೋ ಸಲ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಮೊಬೈಲಿನಲ್ಲಿ ಪೊಲೀಸಿನ ನಂಬರು ಒತ್ತಿದ್ದಳು. ಹಸಿರು ಗುಂಡಿಯ ಹತ್ತಿರ ಬೆರಳು ಹೋಗುತ್ತಿತ್ತು. ಪೊಲೀಸ್ ಗಾಡಿ ಬಂದು, ಬೀದಿಯೆಲ್ಲ ನೋಡಿ, ಮಾವನ ಪರಿಚಯದವರು ಫೋನ್ ಮಾಡಿ, ಕೊನೆಗೆ ತಾನೊಬ್ಬಳೇ ಸೂಟ್‌ಕೇಸ್ ಹಿಡಿದು ಗೇಟಿನಾಚೆ ನಿಂತಿರೋದು ಕಣ್ಣಿಗೆ ಕಟ್ಟುತ್ತಿತ್ತು. ನಂಬರು ಅಳಿಸಿ, ಅದೇ ಮೊಬೈಲಿನಲ್ಲಿ ಆಟ ತೆರೆಯುತ್ತಿದ್ದಳು. ಆಟದ ಹುಡುಗಿಯ ಮುಖ ಸರಿಮಾಡುವುದು ಸುಲಭ. ತನ್ನದನ್ನು ಸರಿಮಾಡೋದನ್ನೂ ಆ ಆಟದಿಂದಲೇ ಕಲಿತಳು. ಹೊಸ ಏಟಿನ ಕೆಂಪಿಗೆ ಹಸಿರು ಛಾಯೆಯ ಕ್ರೀಮು, ನೀಲಿಗೆ ತಿರುಗಿದಾಗ ಕಿತ್ತಳೆ, ಮಾಸಿ ಹಳದಿಯಾದಾಗ ತಿಳಿ ನೇರಳೆ, ಎಲ್ಲದರ ಮೇಲೆ ಮೈಬಣ್ಣದ ಫೌಂಡೇಶನ್ನು. ಅಮ್ಮ ವಿಡಿಯೋ ಕಾಲ್ ಮಾಡಿದರೆ, "ಏನೇ ಹೊಳೀತಿದೀಯಾ!" ಅನ್ನುತ್ತಿದ್ದಳು.

ಕನ್ನಡಿಯ ಮುಂದೆ ಅವಳು ಹೀಗೆ ಕೂತಾಗಲೆಲ್ಲ ಇಂಚರ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಬ್ರಷ್ಷು ಎತ್ತಿ ಕೊಡುತ್ತಿದ್ದಳು. ಸಂಜೆ ಸಂಪತ್ ಮಲ್ಲಿಗೆ ದಂಡೆ ತಂದು, ಹೆಂಡತಿಯ ಮುಖ ನೋಡಿ, "ಹಿಂಗಿರ್ಬೇಕು ನೋಡು" ಅನ್ನುತ್ತಿದ್ದ. ಇಂಚರ ಚಪ್ಪಾಳೆ ತಟ್ಟುತ್ತಿದ್ದಳು.

ಆ ಗುರುವಾರ ಸಂಪತ್ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಸ್ಕೂಲಿಗೆ ರಜೆ ಇತ್ತು. ಮುದ್ದೆ, ಬಸ್ಸಾರು. ಕವನಾಳ ಮೊಬೈಲು ಟೇಬಲ್ಲಿನ ಮೇಲಿತ್ತು. ಆಟದಲ್ಲಿ ಹಬ್ಬದ ಸೀರೆಯ ಸ್ಪರ್ಧೆ ನಡೆಯುತ್ತಿತ್ತು. ನಾವು ಸಿಂಗರಿಸಿದ ಗೊಂಬೆಯನ್ನು ಅದಕ್ಕೆ ಹಾಕಿದರೆ, ಎಲ್ಲೆಲ್ಲಿಯವರೋ ನೋಡಿ ಹಾರ್ಟು ಕೊಡುತ್ತಾರೆ. ಕವನಾಳ ಗೊಂಬೆ ಗಿಳಿಹಸಿರು ರೇಷ್ಮೆ ಉಟ್ಟು, ಮೊಗ್ಗಿನ ಜಡೆ ಹಾಕಿಕೊಂಡು ಮುಂದಿತ್ತು. ಟಿಣ್ ಅಂತ ಮೊಬೈಲು ಬೆಳಗಿತು.

"ಯಾರೇ ಇವ್ನು, ಪ್ರಿನ್ಸ್ ಅನ್ನೋನು?"

"ಗೇಮು ರೀ. ಗೊಂಬೆಗೆ ಕೊಟ್ಟಿರೋದು."

"ಗೊಂಬೆಗೆ ಲವ್ ಕೊಡ್ತಾನಾ? 'ಸೋ ಬ್ಯೂಟಿಫುಲ್ ಡಿಯರ್' ಅಂತ ಗೊಂಬೆಗೆ ಬರೀತಾನಾ? ನನ್ನ ಕಿವಿಗೆ ಹೂ ಇಡ್ತೀಯೇನೇ?"

"ಯಾರೋ ಚಿಕ್ಕ ಹುಡುಗಿ ಇರ್ಬೇಕು ರೀ, ಎಲ್ರೂ ಏನೇನೋ ಹೆಸರು ಇಟ್ಕೊಂಡಿರ್ತಾ..."

ಮಾತು ಮುಗಿಯಲಿಲ್ಲ. ಸಾರು ಹತ್ತಿದ ಕೈ ಅವಳ ಎಡಗೆನ್ನೆಗೆ ಅಪ್ಪಳಿಸಿತು. ಬಿಸಿ, ಹುಳಿ, ಖಾರ ಎಲ್ಲ ಕಣ್ಣಿಗೆ ನುಗ್ಗಿತು. ಕಣ್ಣು ಬಿಡುವಷ್ಟರಲ್ಲಿ ಜಡೆ ಅವನ ಮುಷ್ಟಿಯಲ್ಲಿತ್ತು. ಹಣೆ ಫ್ರಿಜ್ಜಿಗೆ ಬಡಿಯಿತು. ಇಂಚರ ಅಂಟಿಸಿದ್ದ ಎ ಬಿ ಸಿ ಡಿ ಅಕ್ಷರಗಳು ಪಟಪಟ ಉದುರಿದವು. ಎರಡನೆಯ ಸಲ ಬಡಿದಾಗ ಬಾಗಿಲು ತೆರೆದುಕೊಂಡು ತಣ್ಣನೆಯ ಗಾಳಿ ಮುಖಕ್ಕೆ ಬಂತು, ಒಂದು ಕ್ಷಣ ಹಾಯೆನಿಸಿತು ಅನ್ನೋದು ಅವಳಿಗೆ ಆಮೇಲೆ ನೆನಪಾಗಿ ನಾಚಿಕೆಯಾಯಿತು. ಮೊಬೈಲು ಗೋಡೆಗೆ ಹೋಗಿ ಬಿತ್ತು. ಹೊಟ್ಟೆಗೆ ಒದ್ದಾಗ ಅವಳು ನೆಲಕ್ಕೆ ಕುಸಿದಳು. ಟೇಬಲ್ಲಿನ ಕೆಳಗೆ ಇಂಚರಳ ಕಣ್ಣುಗಳು ಕಂಡವು. ಮಗು ಅಳುತ್ತಿರಲಿಲ್ಲ, ನೋಡುತ್ತಿತ್ತು.

ಕೆಳಗಡೆ ಟಿವಿ ಜೋರಾಯಿತು.

ಸಂಪತ್ ಕುರ್ಚಿ ಎಳೆದುಕೊಂಡು ಕೂತ. "ಇನ್ನರ್ಧ ಮುದ್ದೆ ಹಾಕು."

ಹಾಕಿದಳು.

ಸಂಜೆ ಯಶೋದಮ್ಮ ಬಂದು ಸೊಸೆಯ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಥೂ, ಈ ಸಲ ಜಾಸ್ತಿ ಆಯ್ತು. ನಾಳೆ ಕೆಳಗಡೆ ಜಯದೇವಮ್ಮನ ಮನೇಲಿ ಅರಿಶಿನ ಕುಂಕುಮ ಇಟ್ಕೊಂಡವ್ರೆ. ಓನರ್ ಮನೆ ಸೊಸೆ ಬರ್ಲಿಲ್ಲ ಅಂದ್ರೆ ಕೇಳಾಕಿಲ್ವಾ? ಅದೇನೋ ಹಚ್ಕೊತೀಯಲ್ಲ, ಚೆನ್ನಾಗಿ ಹಚ್ಕೊಂಡು ಬಾ."

ಶುಕ್ರವಾರ ಕವನಾ ಕನ್ನಡಿಯ ಮುಂದೆ ಬಹಳ ಹೊತ್ತು ಕೂತಳು. ಕಿತ್ತಳೆ, ಅದರ ಮೇಲೊಂದು ಪದರ, ಮತ್ತೊಂದು. ಹಣೆಯ ಬುಗುಟನ್ನು ಕೂದಲಲ್ಲಿ ಮುಚ್ಚಿದಳು. ಅರಿಶಿನ ಕುಂಕುಮದ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಗಂಡನ ಕಡೆಯವರ ಮನೆಗಳಲ್ಲಿ ಬಟ್ಟಲು ಹಿಡಿಯುತ್ತಾರೆ, ನಾವೇ ಚಿಟಿಕೆ ಅರಿಶಿನ ತೆಗೆದುಕೊಂಡು ಕೆನ್ನೆಗೆ ಸೋಕಿಸಿಕೊಂಡಂತೆ ಮಾಡಿ ತಾಳಿಗಿಟ್ಟುಕೊಂಡರೆ ಮುಗಿಯಿತು. ಮೇಕಪ್ ಕೆಡಬಾರದು ಅಂತ ಈಗೆಲ್ಲ ಹಾಗೇ. ನೆಲಮಹಡಿಯಲ್ಲಿ ಬಾಡಿಗೆಗಿದ್ದ ಜಯದೇವಿಯವರು ಗದಗಿನ ಕಡೆಯವರು, ಅಲ್ಲಿಯ ಪದ್ಧತಿ ಬೇರೆ ಇರಬಹುದು ಅನ್ನೋದು ಅವಳಿಗೆ ಹೊಳೆಯಲೇ ಇಲ್ಲ.

ನೆಲಮಹಡಿಯ ಹಾಲಿನಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಇಂಚರ ಲಂಗ ಹಿಡಿದು ಅಮ್ಮನ ಪಕ್ಕ ಕೂತಳು. ಜಯದೇವಿ ಕವನಾಳನ್ನು ಮಣೆಯ ಮೇಲೆ ಕೂರಿಸಿದರು. "ಬಾರವಾ, ಮಹಾಲಕ್ಷ್ಮೀ ಹಂಗ ಕಾಣ್ತೀದಿ," ಅನ್ನುತ್ತಾ ಬಟ್ಟಲಿನಲ್ಲಿ ಕಲಸಿಟ್ಟಿದ್ದ ಹಸಿ ಅರಿಶಿನವನ್ನು ಅಂಗೈಗೆ ಬಳಿದುಕೊಂಡರು. ಕವನಾ ಕೈ ಚಾಚುವಷ್ಟರಲ್ಲಿ ಆ ಎರಡೂ ಅಂಗೈಗಳು ಅವಳ ಕೆನ್ನೆಯ ಮೇಲಿದ್ದವು.

"ಬೇಡ ಆಂಟಿ, ನಾನೇ..."

"ಹಂಗಂದ್ರ ಹೆಂಗವಾ? ಮುತ್ತೈದಿ ಗಲ್ಲಕ್ಕ ಮನಿಯಾಕಿನ ಹಚ್ಚಬೇಕು. ನಮ್ಮ ಕಡೆ ಹಿಂಗ."

ಹಚ್ಚಿ, ತೀಡಿದರು. ಕವನಾಳ ಬಾಯಿಂದ ಸಣ್ಣದಾಗಿ "ಹಾ" ಅಂತ ನೋವು ಹೊರಬಿತ್ತು. ಜಯದೇವಿಯ ಕೈ ನಿಂತಿತು. ಅಂಗೈ ತಿರುಗಿಸಿ ನೋಡಿಕೊಂಡರು. ಅರಿಶಿನದ ಜೊತೆ ಕಿತ್ತಳೆ ಬಣ್ಣ ಬಂದಿತ್ತು, ಮೈಬಣ್ಣದ ಮುದ್ದೆ ಬಂದಿತ್ತು. ಕವನಾಳ ಎಡಗೆನ್ನೆಯಲ್ಲಿ ಹಳದಿಯ ಅಡಿಯಿಂದ ಕಡುನೀಲಿ ಎದ್ದು ಕಂಡಿತು. ನಾಲ್ಕು ಬೆರಳು, ಬಿಡಿಬಿಡಿಯಾಗಿ.

"ಏನವಾ ಇದು?"

"ಬಾತ್ರೂಮಲ್ಲಿ ಜಾರಿದ್ಲು," ಯಶೋದಮ್ಮ ನಕ್ಕಳು. "ಸೋಪು ಅಲ್ಲೇ ಬಿಡ್ಬೇಡ ಅಂತ ಬಡ್ಕೊತೀನಿ."

ಆಗ ಇಂಚರ ಎದ್ದು ನಿಂತು ಜಯದೇವಿಯ ಕೈ ಹಿಡಿದು ಎಳೆದಳು. "ಅಳಿಸ್ಬೇಡಿ ಅಜ್ಜೀ! ಮೇಕೋವರ್ ಕೆಟ್ಟೋದ್ರೆ ಮೊದಲಿಂದ ಆಡ್ಬೇಕಾಗುತ್ತೆ. ಅಪ್ಪ ಮತ್ತೆ ಹೊಡೀಬೇಕಾಗುತ್ತೆ. ಏಟು ಫಸ್ಟ್ ಲೆವೆಲ್ಲು."

ಯಾರದೋ ಕೈಯಲ್ಲಿದ್ದ ಕೋಸಂಬರಿಯ ತಟ್ಟೆ ಹಾಗೇ ನಿಂತಿತು. ಕವನಾಳಿಗೆ ಮಾತ್ರ ಇಷ್ಟು ದಿನ ಕೇಳದೆ ಬಿಟ್ಟಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಜಯದೇವಿ ಅವಳ ಉಡಿಗೆ ಅಕ್ಕಿ, ತೆಂಗಿನಕಾಯಿ ಹಾಕಿದರು. ಹಾಕುವಾಗ ಬಗ್ಗಿ ಕಿವಿಯಲ್ಲಿ ಹೇಳಿದರು. "ಫೋನ್ ಮಾಡವಾ. ಯಾರಿಗರೆ ಮಾಡು. ನಾ ಸಾಕ್ಷಿ ಹೇಳ್ತೀನಿ, ಮನಿ ಬಿಡಿಸಿದ್ರ ಬಿಡಿಸ್ಲಿ."

ಮೇಲೆ ಬಂದು ಉಡಿಯ ಅಕ್ಕಿಯನ್ನು ಡಬ್ಬಿಗೆ ಸುರಿಯುವಷ್ಟರಲ್ಲೇ ಸಂಪತ್ತನ ಕಾರು ಬಂತು. ಯಶೋದಮ್ಮ ಆಗಲೇ ಅಂಗಡಿಗೆ ಫೋನ್ ಮಾಡಿದ್ದಳು. ಅವನು ಮೆಟ್ಟಿಲು ಎರಡೆರಡು ಹಾರಿ ಬಂದ ಸದ್ದು ಕೇಳಿ ಕವನಾ ಇಂಚರಳನ್ನು ರೂಮಿಗೆ ನೂಕಿ ಬಾಗಿಲು ಎಳೆದುಕೊಂಡಳು.

"ಬೀದಿ ಹೆಂಗಸ್ರ ಮುಂದೆಲ್ಲ ನನ್ನ ಮಾನ ಹರಾಜ್ ಹಾಕ್ತೀಯಾ? ಮಗೂಗೆ ಹೇಳ್ಕೊಟ್ಟಿದ್ದೀಯಾ?"

ಬೆಲ್ಟು ಬಿಚ್ಚುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ. ಉಡಿಗೆ ಬಂದಿದ್ದ ತೆಂಗಿನಕಾಯಿ ಟೇಬಲ್ಲಿನ ಮೇಲಿತ್ತು. ಅದನ್ನೇ ಎತ್ತಿ ಬೀಸಿದ. ಅವಳು ಅಡ್ಡ ಹಿಡಿದ ಬಲಗೈಗೆ ಬಿದ್ದು ಒಳಗೇನೋ ಲಟಕ್ಕೆಂದಿತು. ಬಳೆಗಳು ಚೂರಾಗಿ ಚರ್ಮಕ್ಕೆ ಹೊಕ್ಕವು. ಅವಳು ಬಾಗಿದಾಗ ಬೆನ್ನಿಗೆ ಗುದ್ದಿದ, ಬಿದ್ದಾಗ ಪಕ್ಕೆಗೆ ಒದ್ದ, ಕುತ್ತಿಗೆಯನ್ನು ಕಾಲಿನಿಂದ ಒತ್ತಿ ಹಿಡಿದು, "ಇನ್ನೊಂದ್ ಸಲ ಬಾಯಿ ಬಿಡು, ಇಲ್ಲೇ ಮುಗಿಸ್ತೀನಿ" ಅಂದ. ಉರುಳಿದ ಡಬ್ಬಿಯಿಂದ ಚೆಲ್ಲಿದ ಅಕ್ಕಿಯ ಮೇಲೆ ಅವಳ ಮೂಗಿನ ರಕ್ತ ತೊಟ್ಟಿಕ್ಕಿತು. ಉಸಿರು ಸಿಗದೆ ಕಣ್ಣಿಗೆ ಕತ್ತಲೆ ಕವಿಯುತ್ತಿದ್ದಾಗಲೂ ಟಿವಿಯ ವಾರ್ತೆ ಸ್ಪಷ್ಟವಾಗಿ ಕೇಳುತ್ತಿತ್ತು.

ಕಾಲು ಎತ್ತಿದ. ಕೂದಲು ಸರಿಮಾಡಿಕೊಂಡ. "ಮುಖ ತೊಳ್ಕೊಂಡು ರೆಡಿಯಾಗು. ಕೆಳಗೆ ಹೋಗಿ ಆ ಹೆಂಗಸಿಗೆ, 'ಜಾರಿ ಬಿದ್ದಿದ್ದೆ, ಮಗು ಏನೋ ಆಟದ್ದು ಹೇಳ್ತು' ಅಂತ ನೀನೇ ಹೇಳ್ಬೇಕು. ಕಾಫಿ ಕುಡಿದು ಬರ್ತೀನಿ." ಅಮ್ಮನ ಮನೆಗೆ ಇಳಿದುಹೋದ.

ಕವನಾ ಗೋಡೆ ಹಿಡಿದು ಎದ್ದಳು. ಬಲಗೈ ಮಡಚಲು ಬರುತ್ತಿರಲಿಲ್ಲ. ರೂಮಿನ ಒಳಗಿನಿಂದ ಟಪ್, ಟಪ್ ಅಂತ ಸದ್ದು. ನಿಲ್ಲುತ್ತಿತ್ತು, ಮತ್ತೆ ಟಪ್. ಬಾಗಿಲು ತಳ್ಳಿದಳು.

ಇಂಚರ ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ನಿಂತಿದ್ದಳು. ಅಡುಗೆ ಆಟಕ್ಕೆ ಅಂತ ತಂದಿಟ್ಟುಕೊಂಡಿದ್ದ ಲಟ್ಟಣಿಗೆ ಕೈಯಲ್ಲಿತ್ತು. ಎಡಗೆನ್ನೆ ಊದಿ ಕೆಂಪಾಗಿತ್ತು, ಕಣ್ಣಿನ ಕೆಳಗಿನ ಚರ್ಮ ಸೀಳಿ ರಕ್ತ ಜಿನುಗುತ್ತಿತ್ತು. ಕಣ್ಣಲ್ಲಿ ನೀರು ಧಾರೆಯಾಗಿತ್ತು, ಆದರೂ ಅಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಇನ್ನೊಂದು ಏಟಿಗೆ ಲಟ್ಟಣಿಗೆ ಎತ್ತಿದ್ದಳು. ಮೇಕಪ್ಪಿನ ಡಬ್ಬಿಗಳನ್ನೆಲ್ಲ ತೆರೆದು ಸಾಲಾಗಿ ಇಟ್ಟಿದ್ದಳು.

"ನೀಲಿ ಬರ್ತಾನೇ ಇಲ್ಲಮ್ಮಾ," ಅಂದಳು. "ನಂಗೂ ಮೇಕೋವರ್ ಮಾಡು. ಇಬ್ರೂ ರೆಡಿಯಾಗಿ ಹೋದ್ರೆ ಅಪ್ಪಂಗೆ ಖುಷಿ ಆಗುತ್ತೆ."

ಕವನಾ ಎಡಗೈಯಲ್ಲಿ ಲಟ್ಟಣಿಗೆ ಕಿತ್ತುಕೊಂಡಳು. ಮಗುವನ್ನು ಅಪ್ಪಿಕೊಂಡಾಗ ಇಬ್ಬರ ಮುಖದ ರಕ್ತವೂ ಒಂದಕ್ಕೊಂದು ಅಂಟಿತು. ಇವರು ಮಗುವನ್ನು ಕಿತ್ತುಕೊಂಡುಬಿಡುತ್ತಾರೆ ಅಂತ ಹೆದರಿ ಇಷ್ಟು ವರ್ಷ ಇಲ್ಲಿದ್ದಳು. ಇದ್ದು ಉಳಿಸಿಕೊಂಡಿದ್ದೇನು? ಅವರು ಆಗಲೇ ತೆಗೆದುಕೊಂಡಾಗಿತ್ತು, ತನ್ನ ಕಣ್ಣೆದುರೇ, ತಾನೇ ಬ್ರಷ್ಷು ಹಿಡಿದು ಕೂತಿದ್ದಾಗ.

ಸ್ಪಂಜು ಮುಟ್ಟಲಿಲ್ಲ. ಮುಖ ತೊಳೆಯಲಿಲ್ಲ. ಅರಿಶಿನ, ರಕ್ತ ಹಾಗೇ ಇತ್ತು. ಮುಂಬಾಗಿಲ ಚಿಲಕ ಹಾಕಿದಳು, ಟೇಬಲ್ಲನ್ನು ಸೊಂಟದಿಂದ ತಳ್ಳಿ ಅಡ್ಡ ಕೊಟ್ಟಳು. ಗಾಜು ಒಡೆದ ಮೊಬೈಲು ತೆಗೆದುಕೊಂಡಳು. ಆಟದ ಹುಡುಗಿ ಸೀಳುಗಳ ಹಿಂದೆ ನಗುತ್ತಿದ್ದಳು. ಅವಳನ್ನು ಮುಚ್ಚಿ ಒಂದು, ಒಂದು, ಎರಡು ಒತ್ತಿದಳು. ಗಾಜಿನ ಚೂರು ಬೆರಳಿಗೆ ಚುಚ್ಚಿತು. ಈ ಸಲ ಹಸಿರು ಗುಂಡಿಯನ್ನೂ ಒತ್ತಿದಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಾಗಿಲ ಹಿಡಿ ತಿರುಗಿತು. "ಏಯ್, ಚಿಲಕ ಯಾಕೆ ಹಾಕಿದೀಯಾ? ತೆಗಿಯೇ!" ಬಾಗಿಲಿಗೆ ಒದೆ ಬಿತ್ತು. ಟೇಬಲ್ಲು ನಡುಗಿತು.

"ಹೇಳಿ, ಏನಾಗಿದೆ?" ಆ ಕಡೆಯಿಂದ ಹೆಂಗಸೊಬ್ಬಳ ದನಿ.

"ನನ್ನ ಗಂಡ ಹೊಡೀತಿದಾನೆ. ಸಂಪತ್ ಅಂತ. ಈಗ ಬಾಗಿಲು ಒಡೀತಿದಾನೆ. ಅನ್ನಪೂರ್ಣೇಶ್ವರಿ ನಗರ. ಮುನಿವೆಂಕಟಪ್ಪನವರ ಬಿಲ್ಡಿಂಗು, ಎರಡನೇ ಮಹಡಿ. ಕೆಳಗಡೆ ಜಯದೇವಿ ಅಂತ ಇದಾರೆ, ಅವರು ಸಾಕ್ಷಿ ಹೇಳ್ತಾರೆ."

ಇನ್ನೊಂದು ಒದೆ. ಚಿಲಕದ ಒಂದು ಸ್ಕ್ರೂ ಹಾರಿ ನೆಲಕ್ಕೆ ಬಿತ್ತು. "ಯಾರ ಹತ್ರನೇ ಮಾತಾಡ್ತಿದೀಯಾ?"

"ಫೋನ್ ಇಡಬೇಡಿ ಮೇಡಂ, ಗಾಡಿ ಕಳಿಸ್ತಾ ಇದೀವಿ. ಗಾಯ ಆಗಿರೋದು ಯಾರಿಗೆ?"

ಕವನಾ ಮಗಳ ಮುಖ ನೋಡಿದಳು.

"ಇಬ್ರಿಗೂ," ಅಂದಳು. "ಇಬ್ರಿಗೂ ಆಗಿದೆ. ಬೇಗ ಬನ್ನಿ."